ಮಣ್ಣಿಗೆ ಬಂದವಳು

“ಯಾರು ತೀರಿಕೊಂಡಾರ್ರಿ?”

ಘೋಡಗೇರಿಯ ಆ ಮನೆಯ ಬಾಗಿಲಲ್ಲಿ ಮಾಲಿಂಗ ಸರಿತಾಳನ್ನು ಕೇಳಿದ ಮೊದಲ ಮಾತು ಅದು. ಅವನ ಹಿಂದೆ ತಾಯಿ ಸಾತವ್ವ ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಸರಿತಾಗೆ ಏನೂ ತಿಳಿಯಲಿಲ್ಲ. ಅವನು ಫೋನು ತೋರಿಸಿದ. ಹಿಂದಿನ ದಿನ ಕೃಷಿ ಕಚೇರಿಯಿಂದ ನಂಬರು ಪಡೆದು ಅವಳೇ ಅವಸರದಲ್ಲಿ ಕಳಿಸಿದ್ದ ಸಂದೇಶ: ‘ನಾಳೆ ಮಣ್ಣಿಗೆ ಬರ್ತೇನಿ.’

ಅಯ್ಯೋ... ಈ ಸೀಮೆಯಲ್ಲಿ ಮಣ್ಣಿಗೆ ಬರುವುದೆಂದರೆ ಸತ್ತವರನ್ನು ಕಳಿಸಿಕೊಡಲು ಬರುವುದು. ಗೋಕಾಕ ಫಾಲ್ಸ್‌ನಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಮಣ್ಣಿನ ಸಂಶೋಧನೆಗೆ ಬಿದ್ದ ಮೇಲೆ ಅವಳಿಗೆ ಮಣ್ಣೆಂದರೆ ಬರೀ ಮಣ್ಣು.

“ಯಾರೂ ಸತ್ತಿಲ್ರಿ. ನಿಮ್ಮ ಹೊಲದ ಮಣ್ಣು ನೋಡಾಕ ಬಂದೇನಿ.”

ಸಾತವ್ವ ಸೆರಗು ಬಿಟ್ಟು ಜೋರಾಗಿ ನಕ್ಕಳು. ಮಾಲಿಂಗನ ಕಣ್ಣುಗಳಷ್ಟೇ ನಕ್ಕವು. ಆ ನಗು ಹೊಲದವರೆಗೂ ಅವಳ ಬೆನ್ನ ಹಿಂದೆ ನಡೆದುಬಂತು.

ಕಬ್ಬು ಕಡಿದ ಹೊಲ. ಸುತ್ತಲಿನವರು ಕಬ್ಬಿನ ಒಣಗಿದ ಸೋಗೆಗೆ, ಆ ರವದಿಗೆ, ಬೆಂಕಿ ಹಚ್ಚಿದ್ದರು. ಆಕಾಶ ಮಾಸಿದ ಕನ್ನಡಿಯಂತಿತ್ತು. ಸರಿತಾ ಬೋಗುಣಿ ಬೋರಲು ಹಾಕಿದಂಥ ಯಂತ್ರವೊಂದನ್ನು ನೆಲದಲ್ಲಿ ಊರಿದಳು. ಅದು ಆಗಾಗ ತಾನೇ ಬಾಯಿ ತೆರೆದು ಮುಚ್ಚುತ್ತಿತ್ತು.

ಮಣ್ಣೂ ಉಸಿರು ಬಿಡುತ್ತದೆ, ಬಿಸಿಲು ಏರಿದಷ್ಟೂ ಉಸಿರು ಜೋರಾಗಿ ಒಳಗಿನ ಸತ್ವವೆಲ್ಲ ಗಾಳಿಗೆ ಸೇರುತ್ತದೆ, ಆ ಗಾಳಿಯೇ ಮತ್ತೆ ಭೂಮಿಯ ಬಿಸಿ ಏರಿಸುತ್ತದೆ ಎಂದಳು. ರವದಿಯನ್ನು ಸುಡದೆ ಹಾಗೇ ಹೊದಿಸಿದರೆ ಆ ಉಸಿರು ತಣಿಯುವುದೇ? ಅವಳಿಗೆ ಬೇಕಿದ್ದದ್ದು ಅದೊಂದೇ ಉತ್ತರ.

“ಇದಕ್ಕ ಮುಟ್ಟಿದ್ದೆಲ್ಲಾ ಗೋಕಾಕದಾಗ ನನ್ನ ಫೋನಿಗೆ ಮುಟ್ಟತೈತಿ” ಎಂದಳು.

ಅವನು ಬಗ್ಗಿ ಯಂತ್ರದ ಬಾಯೊಳಗೆ ನೋಡಿದ. “ನಾ ಬೆಂಕಿ ಹಚ್ಚೂದಿಲ್ರಿ. ಮಾತು ಕೊಟ್ಟೇನಿ.”

ಆ ಮಾತಿನ ಆಸರೆಯಲ್ಲಿ ಅವಳ ಸಂಶೋಧನೆ ನಿಂತಿತು. ಅವಳಿಗೇ ಗೊತ್ತಿಲ್ಲದ ಇನ್ನೇನೋ ನಿಂತಿತು.

ಆಮೇಲೆ ಅವಳು ಆಗಾಗ ಬಂದಳು. ಮಾಲಿಂಗ ಹೊಲಕ್ಕೆ ಕೌದಿ ಹೊಚ್ಚಿದ್ದಾನೆಂದು ಬಾಜೂ ಹೊಲದವರು ಚಾಷ್ಟಿ ಮಾಡಿ ನಗುತ್ತಿದ್ದರು. ಅವನು ಅವಳಿಗೆ ಚಹಾ ಬಸಿದುಕೊಡುತ್ತಿದ್ದ.

ಆದರೆ ಒಂದು ಸಂಜೆ ಅವಳ ಫೋನಿನಲ್ಲಿ ಮಣ್ಣಿನ ಉಸಿರು ತೋರಿಸುವ ಗೆರೆ ಎದ್ದು ಕುಣಿಯಿತು. ಮರುದಿನ ಸಂಜೆಯೂ. ಅದರ ಮರುದಿನವೂ...

ಹೊಗೆಯೇ ಇರಬೇಕು, ಕತ್ತಲಾಗುವ ಮುಂಚೆ ಗುಟ್ಟಾಗಿ ಸುಡುತ್ತಿದ್ದಾನೆ! ಕೊಟ್ಟ ಮಾತು ಅಷ್ಟೇನಾ?

ಅವಳು ಫೋನು ಮಾಡಲಿಲ್ಲ. ಅವನದು ಬಂದರೆ ಎತ್ತಲೂ ಇಲ್ಲ. ಆ ಹೊಲ ಬಿಡು, ಯಂತ್ರ ಕಿತ್ತು ತಾ ಎಂದು ಅವಳ ಪ್ರೊಫೆಸರರು ಹೇಳಿದಾಗ, ಮುಂಚೆ ತಿಳಿಸದೆ ಘೋಡಗೇರಿಯ ಬಸ್ಸು ಹತ್ತಿದಳು.

ಸಂಜೆಯಾಗಿತ್ತು. ಹೊಗೆಯಿಲ್ಲ, ಬೂದಿಯಿಲ್ಲ. ರವದಿ ಬಂಗಾರದ ಕೌದಿಯಂತೆ ಹಾಗೇ ಹಾಸಿತ್ತು. ಅದರ ಮೇಲೆ ಮಾಲಿಂಗ ಬೋರಲು ಮಲಗಿ, ಯಂತ್ರದ ತೆರೆದ ಬಾಯಿಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡುತ್ತಿದ್ದ.

ಆ ಗೆರೆ ಬೆಂಕಿಯದಲ್ಲ... ಅವನ ಉಸಿರಿನದು.

“ಏನ್ ಮಾಡಾಕತ್ತೀರಿ?”

ಅವನು ಗಾಬರಿಯಿಂದ ಎದ್ದು ಕೂತ. ಗದ್ದಕ್ಕೆ ಮಣ್ಣು ಮೆತ್ತಿತ್ತು. “ಇದಕ್ಕ ಮುಟ್ಟಿದ್ದೆಲ್ಲಾ ನಿಮಗ ಮುಟ್ಟತೈತಿ ಅಂದಿದ್ರಲ್ಲ. ನಿಮ್ಮ ಮಾರಿ ನೋಡಿ ಹೇಳಾಕ ಧೈರ್ಯ ಆಗಲಿಲ್ಲ.”

“ಮಾತು ಮುಟ್ಟೂದಿಲ್ರಿ. ಬರೇ ಉಸಿರು ಮುಟ್ಟತೈತಿ.” ಅವಳು ಫೋನಿನ ಗೆರೆ ತೋರಿಸಿದಳು. “ನಾ... ನೀವು ಸುಡಾಕತ್ತೀರಿ ಅಂತ ತಿಳಕೊಂಡಿದ್ದೆ.”

“ಸುಡಾಕತ್ತಿದ್ದು ಖರೆ ಐತಿ. ಹೊಲ ಅಲ್ಲ.”

ಸರಿತಾ ರವದಿಯ ಮೇಲೆ ಅವನ ಪಕ್ಕ ಕುಳಿತಳು. ಅಂಗೈಯನ್ನು ಅದರ ಅಡಿಗೆ ತೂರಿಸಿದಳು. ಮಣ್ಣು ತಣ್ಣಗಿತ್ತು, ನಿದ್ದೆಯಲ್ಲಿರುವ ಮಗುವಿನ ಹಣೆಯಂತೆ. ಅವನ ಸಂಜೆಗಳನ್ನೆಲ್ಲ ಸಂಶೋಧನೆಯಿಂದ ತೆಗೆದುಹಾಕಬೇಕಾಗುತ್ತದೆ ಎಂದಳು. ತೆಗೆದು ಎಲ್ಲಿಡುತ್ತೀರಿ ಎಂದು ಅವನು ಕೇಳಿದ. ಅವಳು ಯಂತ್ರವನ್ನು ಕೀಳದೆ ಅಲ್ಲೇ ಬಿಟ್ಟಳು.

“ನಾಳೆ ಬರ್ತೀರೇನ್ರಿ?”

“ಮಣ್ಣಿಗೆ?”

“ಮನಿಗೆ.”

ಅವಳು ಅವನ ಗದ್ದದ ಮಣ್ಣನ್ನು ಬೆರಳಿನಿಂದ ಒರೆಸಿದಳು.

“ನಮ್ಮವ್ವನ್ನೂ ಕರಕೊಂಡು ಬರ್ತೇನಿ. ನಿಮ್ಮವ್ವಗ ಮೊದಲ ಹೇಳಿಡ್ರಿ... ಈ ಸಲ ಅಳೂದು ಬ್ಯಾಡ.”