ಮಾರನೇ ದಿನವೂ ಬೇಕೆನಿಸಿದರೆ

"ಕೈ ಬಿಡಿ!"

"ನೀವೇ ಬಿಡಿ. ಮೊದಲು ಹಿಡಿದದ್ದು ನಾನು."

"ನೀವು ಹಿಡಿದಿರೋದು ಕಾಲು. ಬೆನ್ನು ಹಿಡಿದಿರೋದು ನಾನು!"

ಕ್ಲಿಯರೆನ್ಸ್ ಸೇಲಿನ ನೂಕುನುಗ್ಗಲಿನ ನಡುವೆ ಒಂದು ಕುರ್ಚಿ ನೆಲ ಬಿಟ್ಟು ತೂಗಾಡುತ್ತಿತ್ತು. ದಪ್ಪ ಮೆತ್ತೆಯ, ಹಸಿರು ಬಟ್ಟೆಯ ಒರಗು ಕುರ್ಚಿ. ಅದರ ಕೈಗೆ ‘ಕೊನೆಯ ಪೀಸ್’ ಎಂಬ ಕೆಂಪು ಚೀಟಿ ಅಂಟಿಸಿದ್ದರು. ಒಂದು ತುದಿಯಲ್ಲಿ ಜಡೆ ಬಿಚ್ಚಿಹೋದದ್ದೂ ಗೊತ್ತಿಲ್ಲದ ಹುಡುಗಿ. ಇನ್ನೊಂದು ತುದಿಯಲ್ಲಿ, ಹುಬ್ಬಿನಲ್ಲೆಲ್ಲ ಮರದ ಪುಡಿ ಕೂತಿದ್ದ ಎತ್ತರದ ಗಂಡಸು.

"ನಮ್ಮ ಅಜ್ಜಿಗೆ ಬೇಕು ರೀ..." ಎಂದಳು ಅವಳು. ಹೇಳುವಾಗ ಕಣ್ಣಲ್ಲಿ ನೀರೇ ಬಂತು. "ಬಿದ್ದು ಸೊಂಟ ಮುರ್ಕೊಂಡಿದ್ದಾರೆ. ವಾಕರ್ ಹಿಡ್ಕೊಂಡು ನಡೀತಾರೆ. ಅವರಿಗೆ ಕೂರೋಕೆ..."

ಅವನು ಅವಳ ಮುಖ ನೋಡಿದ. ಏನೋ ಹೇಳಲು ಹೋಗಿ ನುಂಗಿಕೊಂಡ.

"ಅಜ್ಜಿಗಾದ್ರೆ ತಗೊಳ್ಳಿ."

ಅಷ್ಟು ಹೇಳಿ ಥಟ್ಟನೆ ಕೈ ಬಿಟ್ಟ. ಅವಳು ಕುರ್ಚಿ ಸಮೇತ ಹಿಂದಿದ್ದ ಪಾತ್ರೆಗಳ ರಾಶಿಗೆ ಹೋಗಿ ಒರಗಿದಳು. ಎದ್ದು ನೋಡುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಗೆದ್ದೆ! ಎಂದುಕೊಂಡಳು. ಆ ಖುಷಿ ಬಾಡಿಗೆ ಗಾಡಿಯಲ್ಲಿ ಅರ್ಧ ದಾರಿಯವರೆಗೆ ಇತ್ತು. ಆಮೇಲೆ ಎಂದಿನಂತೆ ಸದ್ದಿಲ್ಲದೆ ಇಳಿದುಹೋಯಿತು.

ಈ ಹುಡುಗಿಯನ್ನು ಅಜ್ಜಿ ಕರೆಯುವುದು ಗುಬ್ಬಿ ಅಂತ. ಗುಬ್ಬಿಯ ಹಾಗೆ ಸದಾ ಏನಾದರೊಂದು ಕಚ್ಚಿಕೊಂಡು ಮನೆಗೆ ಬರುತ್ತಾಳೆ ಅಂತ ಇಟ್ಟ ಹೆಸರು. ಆದರೆ ಹಕ್ಕಿಯಾದರೂ ಗೂಡಿನಲ್ಲಿ ತಾನು ಕೂರಲು ಜಾಗ ಬಿಟ್ಟುಕೊಂಡಿರುತ್ತದೆ. ನಮ್ಮ ಗುಬ್ಬಿಗೆ ಅಷ್ಟೂ ತೋಚುತ್ತಿರಲಿಲ್ಲ.

ಅವಳು ಒಂದು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ಮೂಗಿಗೆ, ಕಿವಿಗೆ ಹೊಂದುವಂತೆ ಫ್ರೇಮ್ ಕೂರಿಸುವುದರಲ್ಲಿ ಎತ್ತಿದ ಕೈ. ಕೆಲಸದಲ್ಲಿ ತಾಳ್ಮೆಯೇ ಮೂರ್ತಿವೆತ್ತಂತಿದ್ದವಳು, ರಸ್ತೆಗಿಳಿದು ಒಂದು ಕೆಂಪು ಬೋರ್ಡು ಕಂಡರೆ ಮುಗಿಯಿತು. ‘ಇಂದೇ ಕೊನೆ’ ಅಂತ ಓದಿದ ಕೂಡಲೇ ಎದೆ ಡವಡವ ಅನ್ನುತ್ತಿತ್ತು. ಈಗ ತಗೊಳ್ಳದಿದ್ದರೆ ಬೇರೆ ಯಾರೋ ತಗೊಂಡುಬಿಡ್ತಾರೆ! ಅಪ್ಪ ಅಮ್ಮ ಇಲ್ಲದ ಅವಳು ಬೆಳೆದದ್ದು ಮಕ್ಕಳು ತುಂಬಿದ ಮನೆಯಲ್ಲಿ. ಅಲ್ಲಿ ತಡವಾಗಿ ಬಂದವರಿಗೆ ಯಾವತ್ತೂ ಏನೂ ಉಳಿಯುತ್ತಿರಲಿಲ್ಲ. ಅಜ್ಜಿ ಮಾತ್ರ ಇವಳ ಪಾಲನ್ನು ಸೆರಗಿನಲ್ಲಿ ಬಚ್ಚಿಟ್ಟಿರುತ್ತಿದ್ದಳು.

ಆ ಅಜ್ಜಿ ಈಗ ಸೋದರಮಾವನ ಮನೆಯಲ್ಲಿದ್ದಳು. ಮಾವನಿಗೆ ದೂರದೂರಿಗೆ ವರ್ಗವಾಗಿತ್ತು.

"ನಿನ್ನ ಹತ್ರ ಎರಡನೇ ಕೋಣೆ ಇದೆಯಲ್ಲಮ್ಮಾ, ತಿಂಗಳ ಕೊನೆಗೆ ಅಜ್ಜೀನ ಕರ್ಕೊಂಡು ಬರ್ತೀನಿ. ಆಗಲ್ಲ ಅಂದ್ರೆ ಈಗಲೇ ಹೇಳು. ವೃದ್ಧಾಶ್ರಮದಲ್ಲಿ ಒಂದು ಜಾಗ ಕೇಳಿಟ್ಟಿದ್ದೀನಿ," ಎಂದಿದ್ದ.

"ಯಾಕೆ ಆಗಲ್ಲ ಮಾವಾ? ಕೋಣೆ ಸಿದ್ಧವಾಗೇ ಇದೆ!" ಎಂದಿದ್ದಳು ಗುಬ್ಬಿ.

ಹಸಿ ಸುಳ್ಳು. ಆ ಕೋಣೆಯಲ್ಲಿ ಬಿಚ್ಚದ ಪೆಟ್ಟಿಗೆಗಳು, ಗಂಟು ಬಿಚ್ಚದ ಚೀಲಗಳು, ಒಂದೇ ಬಣ್ಣದ ಛತ್ರಿಗಳು, ಯಾರ ಕಾಲಿಗೂ ಆಗದ ಚಪ್ಪಲಿಗಳು ಎದೆಮಟ್ಟಕ್ಕೆ ಬೆಳೆದಿದ್ದವು. ಹೊಸ ಕುರ್ಚಿಯನ್ನು ಆ ರಾಶಿಯ ಮೇಲೆ ಹೇಗೋ ಏರಿಸಿ, ಬಾಗಿಲೆಳೆದುಕೊಂಡು ಹೊರಬಂದಳು. ಒಳಗೆ ಧಡಾರ್ ಎಂದಿತು.

ಬಾಗಿಲು ಮತ್ತೆ ತೆರೆಯಲಿಲ್ಲ.

ಮಾರನೇ ದಿನ ಗುಬ್ಬಿ ಕೇಳಿಕೊಂಡಿದ್ದಕ್ಕೆ ಕನ್ನಡಕದಂಗಡಿಯ ಯಜಮಾನರು ಒಬ್ಬ ಬಡಗಿಯನ್ನು ಕಳಿಸಿಕೊಟ್ಟರು. ಬೆಲ್ ಆಯಿತು. ಗುಬ್ಬಿ ಬಾಗಿಲು ತೆಗೆದಳು.

ಅದೇ ಎತ್ತರ. ಅದೇ ಮರದ ಪುಡಿ ಕೂತ ಹುಬ್ಬು!

"ನೀವಾ?" ಎಂದರು ಇಬ್ಬರೂ.

ಕೋಣೆಯ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹಿಂದೆ ರಾಶಿ ಕುಸಿದು ಅಡ್ಡ ಬಿದ್ದಿತ್ತು. ಅವನು ಹಿಂದಿನಿಂದ ಹೋಗಿ, ಕಿಟಕಿಯ ಸರಳಿನ ಚೌಕಟ್ಟು ಬಿಚ್ಚಿ ಒಳಗಿಳಿದ. ಬಾಗಿಲಿನ ಈಚೆ ನಿಂತ ಗುಬ್ಬಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇದು ಯಾವ ಅಂಗಡಿ ಗೋಡೌನು?" ಒಳಗಿನಿಂದ ಅವನ ದನಿ.

ಗುಬ್ಬಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಕುರ್ಚಿ ಸಿಕ್ತು. ಪ್ಲಾಸ್ಟಿಕ್ ಕವರು ಕೂಡ ತೆಗೆದಿಲ್ಲ. ಅಜ್ಜಿ ಎಲ್ಲಿ? ಇದರ ಕೆಳಗಿದ್ದಾರಾ?"

"ನೀವು ಬಾಗಿಲು ತೆಗೆಯೋಕೆ ಬಂದಿದ್ದೀರಿ. ಅಷ್ಟು ಮಾಡಿ ಸಾಕು!"

ಬಾಗಿಲು ಅರ್ಧ ತೆರೆಯಿತು. ಅವನ ಮುಖ ಗಂಟಿಕ್ಕಿಕೊಂಡಿತ್ತು.

"ನಮ್ಮ ಅಕ್ಕ ಬಾಣಂತಿ. ಮಗೂಗೆ ಹಾಲು ಕೊಡೋವಾಗ ಗೋಡೆಗೆ ಒರಗಿ ಒರಗಿ ಬೆನ್ನು ಹಿಡ್ಕೊಂಡಿದೆ. ಮರದ ಕುರ್ಚಿ ನಾನೇ ಮಾಡಿಕೊಟ್ಟೆ, ಒತ್ತುತ್ತೆ ಅಂದ್ಲು. ಮೆತ್ತೆ ಇರೋದು ನೋಡೋಕೆ ಅಲ್ಲಿಗೆ ಬಂದಿದ್ದೆ. ಇಲ್ಲದ ಅಜ್ಜಿ ಹೆಸರು ಹೇಳಿ..."

"ಇಲ್ಲದ ಅಜ್ಜಿ ಅನ್ನಬೇಡಿ!" ಎಂದಳು ಗುಬ್ಬಿ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವಸರದಲ್ಲಿ ಸ್ಪೀಕರ್ ಒತ್ತಿಹೋಯಿತು.

"ಗುಬ್ಬೀ, ಕೋಣೆ ಸಿದ್ಧ ಮಾಡಿದ್ಯಾ?" ಮುದಿ ದನಿ ಮನೆಯೆಲ್ಲ ಕೇಳಿಸಿತು. "ನನಗೇನೂ ತರಬೇಡ ಕಣೇ. ಈ ವಾಕರ್ ತಿರುಗಿಸೋಕೆ ಜಾಗ ಇದ್ರೆ ಸಾಕು. ಆ ಆಶ್ರಮಕ್ಕೆ ಹೋಗೋಕೆ ನನಗೆ ಭಯ ಆಗತ್ತೆ... ಮಾವನಿಗೆ ಹೇಳಬೇಡ, ನಿನಗೆ ಮಾತ್ರ ಹೇಳ್ತಿದ್ದೀನಿ."

ಗುಬ್ಬಿ "ಮಾಡ್ತೀನಿ ಅಜ್ಜಿ" ಎಂದು ಹೇಗೋ ಹೇಳಿ ಫೋನಿಟ್ಟಳು. ಇಟ್ಟವಳು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಬಡಗಿ ಉಳಿಯನ್ನು ಚೀಲಕ್ಕೆ ಹಾಕಿದ. ಮತ್ತೆ ಹೊರಗೆ ತೆಗೆದ. ಯಾರಾದರೂ ಅತ್ತರೆ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

"ತಪ್ಪಾಯ್ತು ರೀ," ಎಂದ ಕೊನೆಗೆ. "ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ."

"ನೀವು ಹೇಳಿದ್ದರಲ್ಲಿ ತಪ್ಪೇನಿದೆ? ಅಜ್ಜಿ ನಿಜ. ಆದರೆ ನಿನ್ನೆ ಕುರ್ಚಿ ಹಿಡ್ಕೊಂಡಾಗ ನನಗೆ ಅಜ್ಜಿ ನೆನಪಿರಲಿಲ್ಲ... ನೀವು ಬಿಡಲಿಲ್ಲವಲ್ಲ, ಆಮೇಲೆ ನೆನಪಾದಳು." ಮೂಗೊರೆಸಿಕೊಂಡಳು. "ಕುರ್ಚಿ ಅಕ್ಕನಿಗೆ ತಗೊಂಡು ಹೋಗಿ. ದಮ್ಮಯ್ಯ ಅಂತೀನಿ."

ಅಷ್ಟು ನೇರವಾಗಿ ಯಾರೂ ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಅವನು ಕಂಡಿರಲಿಲ್ಲ. ಅವನ ಮುಖದ ಗಂಟು ಸಡಿಲವಾಯಿತು.

"ಈ ಬಾಗಿಲನ್ನ ಹೊರಕ್ಕೆ ತೆರೆಯೋ ಹಾಗೆ ತಿರುಗಿಸಿ ಕೂರಿಸ್ತೀನಿ," ಎಂದ. "ಅಜ್ಜಿ ಒಳಗೆ ಅಕಸ್ಮಾತ್ ಬಿದ್ರೂ ಬಾಗಿಲಿಗೆ ಅಡ್ಡ ಆಗಬಾರದು. ಅದಕ್ಕೆ ಮೊದಲು ಇದನ್ನೆಲ್ಲ ಖಾಲಿ ಮಾಡಬೇಕು. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಇದು."

ಹಾಗೆ ಶುರುವಾಯಿತು. ಸಂಜೆ ಕೆಲಸ ಮುಗಿಸಿ ಅವನು ಬರುತ್ತಿದ್ದ. ಒಂದೊಂದೇ ಚೀಲ ಬಿಚ್ಚುತ್ತಿದ್ದರು.

"ಇದೇನು?"

"ಮೊಟ್ಟೆ ಕತ್ತರಿಸೋದು."

"ಇದು?"

"ಅದೂ ಮೊಟ್ಟೆ ಕತ್ತರಿಸೋದೇ..."

"ನೀವು ಮೊಟ್ಟೆ ತಿಂತೀರಾ?"

"ಇಲ್ಲ."

ಅವನು ನಗಬಾರದೆಂದು ತುಟಿ ಕಚ್ಚಿಕೊಂಡ. ಗುಬ್ಬಿಯೇ ಮೊದಲು ನಕ್ಕಳು. ಎಷ್ಟೋ ಕಾಲದಿಂದ ಬಚ್ಚಿಟ್ಟ ನಾಚಿಕೆ ನಗುವಾಗಿ ಹೊರಬಂದಾಗ ಮನಸ್ಸು ಹಗುರಾಯಿತು. ಬೇಕಾದವರಿಗೆ ಸಾಮಾನು ಹಂಚಿದರು. ಕುರ್ಚಿ ಅಕ್ಕನ ಮನೆ ಸೇರಿತು. "ಆ ಹುಡುಗೀನ ಒಮ್ಮೆ ಕರ್ಕೊಂಡು ಬಾರೋ" ಎಂದು ಅಕ್ಕ ಹೇಳಿ ಕಳಿಸಿದಳು. ತಮ್ಮ ಆ ಮಾತನ್ನು ಗುಬ್ಬಿಗೆ ಮುಟ್ಟಿಸದೆ ಜೇಬಿನಲ್ಲೇ ಇಟ್ಟುಕೊಂಡ.

ಆದರೆ ಕೋಣೆ ಖಾಲಿಯಾದ ಮಾತ್ರಕ್ಕೆ ಚಟ ಬಿಟ್ಟೀತೇ? ಒಂದು ಸಂಜೆ ಗುಬ್ಬಿ ಮತ್ತೆ ಕೈತುಂಬ ಚೀಲ ಹಿಡಿದು ಬಂದಳು. ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ. ಚೀಲ ಬೆನ್ನ ಹಿಂದೆ ಹೋಯಿತು. ಅವನು ನೋಡಿದ, ಎದ್ದು ದಾರಿ ಬಿಟ್ಟನಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮಾರನೇ ದಿನ ಅವನು ಕನ್ನಡಕದಂಗಡಿಗೇ ಬಂದ.

"ಮರದ ಮೇಲೆ ಎಳೆದ ಗೆರೆ ಮಸುಕಾಗ್ತಿದೆ," ಎಂದ. "ಒಂದು ಕನ್ನಡಕ ಕೊಡಿ."

ಕಣ್ಣು ಪರೀಕ್ಷೆ ಮುಗಿದ ಮೇಲೆ ಗುಬ್ಬಿ ಫ್ರೇಮ್ ಕೂರಿಸಿದಳು. ಬೆರಳು ಅವನ ಕಿವಿಯ ಹಿಂದೆ ತಗುಲಿತು.

"ಒತ್ತುತ್ತಾ?"

"ಇಲ್ಲ."

"ಮತ್ತೆ ಉಸಿರು ಯಾಕೆ ಬಿಗಿ ಹಿಡ್ಕೊಂಡಿದ್ದೀರಿ?"

ಅವನ ಕಿವಿ ಕೆಂಪಾಯಿತು. "ಇದೇ ಇರಲಿ. ಕೊಟ್ಟುಬಿಡಿ."

"ಅಷ್ಟು ಅವಸರ ಬೇಡ," ಎಂದಳು ಗುಬ್ಬಿ, ದಿನವೂ ಎಲ್ಲರಿಗೂ ಹೇಳುವ ಅದೇ ದನಿಯಲ್ಲಿ. "ಇವತ್ತು ಮನೆಗೆ ಹೋಗಿ. ನಾಳೆ ಬಂದು ಇನ್ನೊಮ್ಮೆ ಹಾಕಿ ನೋಡಿ. ಆಗಲೂ ಇದೇ ಬೇಕು ಅನ್ನಿಸಿದ್ರೆ ತಗೊಳ್ಳಿ."

ಅವನು ಕನ್ನಡಕ ತೆಗೆದು ಅವಳನ್ನೇ ನೋಡಿದ.

"ಈ ಮಾತು ನಿಮಗೆ ನೀವೇ ಯಾವತ್ತಾದ್ರೂ ಹೇಳ್ಕೊಂಡಿದ್ದೀರಾ?"

ಗುಬ್ಬಿ ಬೆಪ್ಪಾಗಿ ನಿಂತಳು. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಮಾತು ತನ್ನ ಕಿವಿಗೇ ಬಿದ್ದಿರಲಿಲ್ಲವಲ್ಲ!

ಆ ವಾರ ಕೆಂಪು ಬೋರ್ಡಿನ ಅಂಗಡಿಯಲ್ಲಿ ಒಂದು ಗಾಜಿನ ದೀಪ ಕೈಗೆತ್ತಿಕೊಂಡಳು. ಎದೆ ಡವಡವ ಎಂದಿತು. ನಾಳೆ... ನಾಳೆಯೂ ಬೇಕೆನಿಸಿದರೆ ನೋಡೋಣ. ದೀಪ ಕೆಳಗಿಟ್ಟು, ಬೆನ್ನಿಗೆ ಬೆಂಕಿ ಬಿದ್ದವಳ ಹಾಗೆ ಹೊರಗೋಡಿ ಬಂದಳು. ಮಾರನೇ ದಿನ ಎದ್ದಾಗ ಆ ದೀಪ ನೀಲಿಯೋ ಹಸಿರೋ ಅವಳಿಗೆ ನೆನಪಾಗಲಿಲ್ಲ. ಮೊದಲು ನಗು ಬಂತು. ಆಮೇಲೆ ಆ ಕೋಣೆಯಲ್ಲಿದ್ದದ್ದೆಲ್ಲ ಇಂಥದ್ದೇ ಅಲ್ಲವೇ ಎಂದು ಹೊಳೆಯಿತು.

ಬೋರ್ಡು ಕಂಡಾಗ ಎದೆ ಆಮೇಲೂ ಹೊಡೆದುಕೊಂಡಿತು. ಅವಳು ಅದನ್ನು ಹೊಡೆದುಕೊಳ್ಳಲು ಬಿಟ್ಟು ಮುಂದೆ ನಡೆಯುವುದನ್ನು ಕಲಿತಳು.

ತಿಂಗಳ ಕೊನೆಯ ರಜಾದಿನ ಮಾವ ಅಜ್ಜಿಯನ್ನು ಕರೆತಂದ. ಹೊರಕ್ಕೆ ತೆರೆದ ಬಾಗಿಲ ಮುಂದೆ ಅಜ್ಜಿ ನಿಂತಳು. ಕೋಣೆಯಲ್ಲಿ ಒಂದು ಮಂಚ, ಒಂದು ಮರದ ಕುರ್ಚಿ, ಕಿಟಕಿಯ ಬೆಳಕು, ಅಷ್ಟೇ. ಅಜ್ಜಿ ವಾಕರ್ ಊರುತ್ತ ಕಿಟಕಿಯವರೆಗೆ ಹೋದಳು. ತಿರುಗಿ ವಾಪಸು ಬಂದಳು. ಎಲ್ಲೂ ಏನೂ ತಗುಲಲಿಲ್ಲ.

"ಎಷ್ಟು ಜಾಗ ಮಾಡಿಟ್ಟಿದ್ದೀಯೇ ನನಗೆ!" ಎಂದಳು. ಗುಬ್ಬಿ ಅವಳ ಹೆಗಲಿಗೆ ಮುಖ ಒತ್ತಿಕೊಂಡಳು. ಬಾಗಿಲ ಬೋಲ್ಟಿಗೆ ಎಣ್ಣೆ ಬಿಡುವ ನೆಪದಲ್ಲಿ ನಿಂತಿದ್ದ ಬಡಗಿ ಮುಖ ಆಚೆ ತಿರುಗಿಸಿದ.

ಹೊರಡುವಾಗ ಗೇಟಿನ ಹತ್ತಿರ ನಿಂತ. "ಇನ್ನು ನನಗಿಲ್ಲಿ ಕೆಲಸ ಇಲ್ಲ."

"ಹೂಂ..."

"ಕೆಲಸ ಇಲ್ಲದೇನೂ ಬರಬೇಕು ಅನ್ನಿಸುತ್ತೆ. ದಿನಾ." ಒಂದೇ ಉಸಿರಿಗೆ ಹೇಳಿಬಿಟ್ಟ. "ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಮದುವೆ ಆಗ್ತೀರಾ?"

ಗುಬ್ಬಿಯ ಎದೆ ಹೊಡೆದುಕೊಂಡಿತು. ಅದೇ ಡವಡವ! ‘ಹೂಂ’ ತುದಿನಾಲಿಗೆಗೆ ಬಂದೇಬಿಟ್ಟಿತ್ತು. ಅಯ್ಯೋ, ಇದೂ ಆ ಕೆಂಪು ಬೋರ್ಡಿನ ಹುಚ್ಚೇ ಆಗಿದ್ದರೆ?

"ನಾಳೆ ಬನ್ನಿ," ಎಂದಳು.

ಅವನು ತಲೆಯಾಡಿಸಿ ಹೊರಟುಹೋದ.

ಮಾರನೇ ದಿನ ಕೆಲಸ ಮುಗಿಸಿ ಓಡಿ ಬಂದಳು. ಅವನು ಬಂದಿರಲಿಲ್ಲ. ಗೇಟಿನ ಸದ್ದಾದಾಗಲೆಲ್ಲ ಎದ್ದಳು, ಕೂತಳು. ಅಜ್ಜಿ ನೋಡಿದಳು, ನೋಡಿದಳು, ಕೊನೆಗೆ ಕೇಳಿಯೇಬಿಟ್ಟಳು.

"ಆ ಹುಡುಗನಿಗೆ ಏನೇ ಹೇಳಿ ಕಳಿಸಿದೆ?"

"ನಾಳೆ ಬನ್ನಿ ಅಂದೆ."

"ಅಯ್ಯೋ ಪೆದ್ದೇ! ಸಾಲ ಕೇಳೋಕೆ ಬಂದೋರಿಗೆ ಹೇಳೋ ಮಾತು ಅದು!"

ಗುಬ್ಬಿ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ದಾರಿಯಲ್ಲಿ ಹೊಸ ಕೆಂಪು ಬೋರ್ಡೊಂದು ಬೆಳಕು ಚೆಲ್ಲಿಕೊಂಡು ನಿಂತಿತ್ತು. ಅವಳು ಅದನ್ನು ನೋಡಲೇ ಇಲ್ಲ.

ಕೆಲಸದ ಶೆಡ್ಡಿನಲ್ಲಿ ಅವನೊಬ್ಬನೇ ಹಲಗೆ ಉಜ್ಜುತ್ತಿದ್ದ. ಮೂಗಿನ ಮೇಲೆ ಅವಳು ಕೂರಿಸಿದ ಕನ್ನಡಕ.

"ನೀವು ಬರಲಿಲ್ಲ," ಎಂದಳು ಏದುಸಿರು ಬಿಡುತ್ತ.

ಅವನ ಕೈ ನಿಂತಿತು. "ಬೇಡ ಅನ್ನೋದನ್ನ ನೋವಾಗದ ಹಾಗೆ ಹೇಳಿದ್ರಿ ಅಂದ್ಕೊಂಡೆ."

"ಬೇಡದ್ದನ್ನೆಲ್ಲ ನಾನು ನಿಂತ ನಿಲುವಿನಲ್ಲೇ ತಗೊಂಡೋಳು ರೀ! ಆ ಕೋಣೆ ತುಂಬ ಅದೇ ಇತ್ತಲ್ಲ, ನೀವೇ ನೋಡಿದ್ರಿ. ನಿಮ್ಮ ವಿಷಯದಲ್ಲಿ ಹಾಗಾಗಬಾರದು ಅಂತ... ಅದಕ್ಕೆ ನಾಳೆ ಅಂದೆ."

ಅವನು ಕನ್ನಡಕ ತೆಗೆದ. "ಮತ್ತೆ... ನಾಳೆ ಆಯ್ತಲ್ಲ."

"ಆಯ್ತು. ಬೆಳಗ್ಗೆ ಎದ್ದಾಗಲೂ ಬೇಕು ಅನ್ನಿಸ್ತು. ಅಂಗಡೀಲಿ ಯಾರದೋ ಕಿವಿಗೆ ಫ್ರೇಮ್ ಕೂರಿಸೋವಾಗಲೂ ಬೇಕು ಅನ್ನಿಸ್ತು. ನೀವು ಬರ್ಲಿಲ್ಲವಲ್ಲ, ಆಗಂತೂ..." ಅವನ ಪುಡಿ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅವನು ಮೆಲ್ಲಗೆ ನಕ್ಕ. "ಮೊದಲು ಹಿಡಿದದ್ದು ನೀವೇ. ಒಪ್ಕೋತೀನಿ."

"ಮತ್ತೆ ಅವತ್ತಿನ ಹಾಗೆ ಥಟ್ಟಂತ ಕೈ ಬಿಡಲ್ಲ ತಾನೇ?"

"ಇನ್ನು ಯಾವ ಅಜ್ಜಿ ಹೆಸರು ಹೇಳಿದ್ರೂ ಬಿಡಲ್ಲ."