ಇಪ್ಪತ್ತೊಂದನೆಯ ಮಣಿ

ಈ ಭೂಮಿಯ ಮೇಲೆ ಒಂದು ಇಡೀ ಜೀವಕುಲದ ಪ್ರಾಣ ನನ್ನ ಮುಷ್ಟಿಯಲ್ಲಿದೆ. ನಾನು ಜ್ವರ ಬಂದು ಮಲಗಿದೆನೆಂದರೆ ಅದರ ವಂಶ ನಿರ್ವಂಶ. ನಗಬೇಡಿ. ಸೃಷ್ಟಿಕರ್ತ ಇರುವೆಯಿಂದ ಆನೆಯವರೆಗೆ ಎಲ್ಲವನ್ನೂ ಇಪ್ಪತ್ತೇ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಮಾಡಿ ಮುಗಿಸಿ ಕೈ ತೊಳೆದುಕೊಂಡ. ಇಪ್ಪತ್ತೊಂದನೆಯದನ್ನು ನಾನು ಮಾಡಿದೆ. ಅದೂ ಕಾಫಿ ಆರುವುದರೊಳಗೆ.

ಅದನ್ನು ಮಾಡಿಸಿದವಳು ನಮ್ಮ ಕಟ್ಟಡದ ಮೂರನೇ ಮಹಡಿಯ ಜೀವರಸಾಯನ ವಿಜ್ಞಾನಿ. ನಾನು ನೆಲಮಹಡಿಯ ಕೆಮಿಸ್ಟ್. ಅವಳು ಮೊದಲ ಸಲ ಕೆಳಗಿಳಿದು ಬಂದಾಗ ನಾನು ಸಿಂಕ್ ಮುಂದೆ ನಿಂತು ಫ್ಲಾಸ್ಕ್ ಉಜ್ಜುತ್ತಿದ್ದೆ.

"ಇಲ್ಲಿ ಕೆಮಿಸ್ಟ್ ಯಾವಾಗ ಬರ್ತಾರೆ?"

"ಬಂದಾಗಿದೆ. ಪಾತ್ರೆ ತೊಳೀತಾ ಇದಾರೆ."

ಅವಳು ನಾಲಿಗೆ ಕಚ್ಚಿಕೊಂಡಳು. ಆ ಚೆಂದಕ್ಕೆ ನನ್ನ ಕೈಯಲ್ಲಿದ್ದ ಫ್ಲಾಸ್ಕ್ ತಾನಾಗಿಯೇ ಒಡೆದು ಚೂರುಚೂರಾಯಿತು. ಸುತ್ತಲಿನ ನಾಲ್ಕು ಕಿಟಕಿಗಳ ಗಾಜೂ ಹೋಯಿತು.

ಸ್ಟೂಲಿನ ಮೇಲೆ ಕುಳಿತು ತನಗೇನು ಬೇಕೆಂದು ಹೇಳಿದಳು. ಪ್ರೋಟೀನ್ ಎಂದರೆ ಒಂದು ಸರ. ಅಮೈನೋ ಆಮ್ಲಗಳು ಅದರ ಮಣಿಗಳು. ಪ್ರಕೃತಿಯಲ್ಲಿ ಎಲ್ಲೂ ಇಲ್ಲದ, ಪುಟ್ಟ ಕೊಕ್ಕೆಯಿರುವ ಹೊಸ ಮಣಿಯೊಂದು ಅವಳಿಗೆ ಬೇಕು. ಆ ಕೊಕ್ಕೆಗೆ ಮುಂದೆ ಔಷಧಿಯನ್ನು ತೂಗುಹಾಕಬಹುದು. ಬದುಕಲು ಬೇಕೇ ಬೇಕಾದ ಒಂದು ಸರದ ನಡುವೆ ಆ ಮಣಿಗೆ ಜಾಗ ಮಾಡಿಟ್ಟ ಬ್ಯಾಕ್ಟೀರಿಯಾವನ್ನು ಅವಳು ಬೆಳೆಸುತ್ತಾಳೆ.

"ಮಣಿ ಸಿಗದೇ ಇದ್ದರೆ?" ಎಂದೆ.

"ಸರ ಅರ್ಧಕ್ಕೇ ಕಡಿದುಹೋಗುತ್ತೆ. ಬ್ಯಾಕ್ಟೀರಿಯಾ ಸತ್ತುಹೋಗುತ್ತೆ. ಲ್ಯಾಬ್ ಬಿಟ್ಟು ಎಲ್ಲಿಗೂ ತಪ್ಪಿಸಿಕೊಂಡು ಹೋಗೋಕಾಗಲ್ಲ. ಅದಕ್ಕೇ ಹಾಗೆ ಕಟ್ಟಿರೋದು."

"ಪಾಪ."

"ಪಾಪ ಅನ್ನೋ ಕೆಮಿಸ್ಟನ್ನ ಇವತ್ತೇ ನೋಡಿದ್ದು," ಎಂದಳು. ಕಣ್ಣಂಚಿನಲ್ಲಿ ನಗು ಇಣುಕಿ, ನಾನು ನೋಡಿದೆನೆಂದು ಗೊತ್ತಾದ ಕೂಡಲೇ ಒಳಗೆ ಹೋಯಿತು. "ಎಷ್ಟು ದಿನ ಬೇಕು?"

"ದಿನವಾ? ಆ ಕಾಫಿ ಆರೋದರೊಳಗೆ ಕೊಡ್ತೀನಿ."

"ಬುರುಡೆ," ಎಂದಳು. ಅಲ್ಲಿಂದ ನನಗೆ ಅದೇ ಹೆಸರಾಯಿತು. ಬುರುಡೆರಾಯರು.

ನಾನು ಮಾಡಿದ ಮಣಿ, ಒಂದು ಬಿಳಿ ಪುಡಿ, ಮೂರನೇ ಮಹಡಿಗೆ ಹೋದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆಸಿದಳು. ಕಪ್ಪು ಪರದೆಯ ಸಣ್ಣ ಕೋಣೆ. ಇಬ್ಬರು ನಿಂತರೆ ಮೂರನೆಯವರಿಗೆ ಉಸಿರಾಡಲೂ ಜಾಗವಿಲ್ಲ. ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡು ನೀಲಿ ದೀಪ ಹಚ್ಚಿದಳು. ಮೇಜಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸುವ ಎರಡು ಪ್ಲೇಟ್. ಒಂದರಲ್ಲಿ ಚುಕ್ಕೆ ಚುಕ್ಕೆಯಾಗಿ ಹಸಿರು ಬೆಳಕು. ಜೀವ ಹಿಡಿದವು ಕಣ್ಣಿಗೆ ಕಾಣಲೆಂದು ಹೊಳೆಯುವ ಪ್ರೋಟೀನೊಂದನ್ನೂ ಸೇರಿಸಿದ್ದಳಂತೆ. ಇನ್ನೊಂದು ಪ್ಲೇಟು ಬರಿದೋ ಬರಿದು.

ನಾನು ಹಸಿರನ್ನು ನೋಡಿದೆ. ಅವಳು ಬರಿದನ್ನೇ ನೋಡುತ್ತಿದ್ದಳು.

"ಹೊಳೆಯೋದು ಈ ಕಡೆ ಇದೆ, ಮೇಡಂ."

"ಅದು ಬರೀ ಮಾತು. ಸಾಕ್ಷಿ ಇದು. ಇದು ಕಂಟ್ರೋಲ್. ಇದಕ್ಕೂ ಎಲ್ಲಾ ಕೊಟ್ಟಿದೀನಿ, ನಿಮ್ಮ ಪುಡಿ ಒಂದನ್ನ ಬಿಟ್ಟು. ಇದು ಖಾಲಿ ಉಳಿದರೆ ಮಾತ್ರ ಅದು ಹೇಳೋದು ನಿಜ."

ಹೊರಗೆ ಬಂದ ಮೇಲೂ ಕನ್ನಡಕ ತೆಗೆಯಲು ಮರೆತಿದ್ದಳು. ನಾನೇ ತೆಗೆದುಕೊಟ್ಟೆ. ಅವಳ ಮೂಗಿನ ಮೇಲೆ ಎರಡು ಕೆಂಪು ಗುರುತು. ಅವನ್ನು ಉಜ್ಜಿಕೊಳ್ಳುತ್ತಾ ನನ್ನನ್ನು ನೋಡಿದಳು. ಆ ನೋಟದಲ್ಲಿ ನಾನು ಹದಿನಾಲ್ಕು ಲೋಕ ಸುತ್ತಿ ಬಂದೆ.

ಆಮೇಲೆ ನಾನು ಏನು ಹೇಳಿದರೂ ಅವಳದು ಒಂದೇ ಪ್ರಶ್ನೆ. ಬಾಲ್ಯದಲ್ಲಿ ನಾನು ಈಜುತ್ತಾ ಮೊಸಳೆಯನ್ನು ಹಿಂದೆ ಹಾಕಿದ್ದೆ ಎಂದರೆ, "ಕಂಟ್ರೋಲ್ ಎಲ್ಲಿ?" ನನ್ನ ಅಕ್ಕನ ಅಡುಗೆ ಉಂಡು ಹೆಣ ಎದ್ದು ಕುಳಿತಿತ್ತು ಎಂದರೆ, "ಕಂಟ್ರೋಲ್ ಎಲ್ಲಿ, ಬುರುಡೆರಾಯರೇ?" ಕೇಳಿ, ಗಲ್ಲಕ್ಕೆ ಕೈಕೊಟ್ಟು, ಮುಂದಿನ ಸುಳ್ಳಿಗಾಗಿ ಕಾಯುತ್ತಿದ್ದಳು. ನನ್ನ ಸುಳ್ಳುಗಳನ್ನು ಅಷ್ಟು ಪ್ರೀತಿಯಿಂದ ಯಾರೂ ಕೇಳಿರಲಿಲ್ಲ.

ಅವಳಿಗೆ ಬೇರೆ ಊರಿನ ದೊಡ್ಡ ಲ್ಯಾಬಿನಿಂದ ಕರೆ ಬಂತು. ಹೊರಡುವ ದಿನ ರಟ್ಟಿನ ಡಬ್ಬ ಹೊತ್ತು ಮೆಟ್ಟಿಲ ಕೆಳಗೆ ನಿಂತಳು. "ಈ ಬ್ಯಾಕ್ಟೀರಿಯಾ ತಳಿ ಇಲ್ಲೇ ಇರಲಿ, ನಾನು ಬಂದು ತಗೊಳ್ಳೋವರೆಗೆ ನೋಡ್ಕೊಳ್ಳಿ," ಎಂದಳು. ಆಮೇಲೆ, "ಮತ್ತೆ? ಏನೂ ಹೇಳಲ್ವಾ?"

ಹೇಳಿದೆ. ಆಣೆ ಮಾಡಿ ಹೇಳುತ್ತೇನೆ, ಹೇಳಿದೆ.

"ನೀವು ಹೋದರೆ ಈ ಊರಲ್ಲಿ ಸೂರ್ಯ ಹುಟ್ಟಲ್ಲ. ಸಮುದ್ರ ಬತ್ತುತ್ತೆ. ನಾನು ಅನ್ನ ನೀರು ಬಿಟ್ಟು ಕಡ್ಡಿಯಾಗಿ, ಗಾಳಿ ಬಂದ ಕಡೆ ಹಾರಿಹೋಗ್ತೀನಿ."

ನಕ್ಕಳು. ನಗು ನಿಂತ ಮೇಲೂ ಕಣ್ಣು ನನ್ನ ಮೇಲೇ ಇತ್ತು. ಡಬ್ಬದ ಅಂಚನ್ನು ಬೆರಳಿನಿಂದ ಸವರುತ್ತಾ ಇನ್ನೂ ಒಂದು ಕ್ಷಣ ಕಾದಳು. ಆ ಕ್ಷಣಕ್ಕೆ ನಾನು ಒಂದು ಆನೆಯನ್ನೂ ತಂದು ತುಂಬಿದೆ. ನೀವಿಲ್ಲದ ದುಃಖಕ್ಕೆ ಕಾಡಿನಲ್ಲಿ ಆನೆಗಳು ಕೂಡ ಮೇವು ಬಿಡುತ್ತವೆ ಎಂದೆ.

"ಕಂಟ್ರೋಲ್ ಎಲ್ಲಿ?" ಎಂದಳು, ಮೆಲ್ಲಗೆ. ಹೊರಟಳು.

ಮನೆಗೆ ಬಂದರೆ, ಅವಳ ಸುದ್ದಿಯನ್ನೆಲ್ಲ ನನ್ನಿಂದಲೇ ಕೇಳಿದ್ದ ಅಕ್ಕ ಬಾಗಿಲಲ್ಲೇ ಹಿಡಿದಳು. "ಏನಂದೆಯೋ ಆ ಹುಡುಗಿಗೆ?"

"ನೀವು ಹೋದರೆ ಸೂರ್ಯ ಹುಟ್ಟಲ್ಲ ಅಂದೆ."

"ಅಯ್ಯೋ ನನ್ನ ಕರ್ಮವೇ! ಹೋಗಬೇಡ ಅನ್ನೋಕೆ ಸೂರ್ಯ ಯಾಕೋ ಬೇಕು ನಿಂಗೆ?"

ಮರುದಿನ ಸೂರ್ಯ ನಾಚಿಕೆಯಿಲ್ಲದೆ ಹುಟ್ಟಿದ.

ಅಂದಿನಿಂದ ನಾನು ಪುಡಿ ಮಾಡುತ್ತಿದ್ದೇನೆ. ಅದನ್ನು ಬೆರೆಸಿದ ಹೊಸ ಪ್ಲೇಟಿಗೆ ಅವಳ ತಳಿಯನ್ನು ವಾರವಾರ ದಾಟಿಸುತ್ತೇನೆ. ಕೇಳಿದವರಿಗೆಲ್ಲ, ನಾನು ಕೈಬಿಟ್ಟರೆ ಒಂದು ಜೀವಕುಲವೇ ನಾಶ ಎಂದು ಎದೆಯುಬ್ಬಿಸಿ ಹೇಳುತ್ತಾ ಬಂದೆ. ನಿಮಗೂ ಹಾಗೇ ಹೇಳಿದೆ.

ವರ್ಷ ಕಳೆದು ಅವಳು ಬಂದಳು. ನಾನೂ ಅವಳ ಜೊತೆ ಮೂರನೇ ಮಹಡಿಗೆ ಹತ್ತಿದೆ. ತಳಿಯನ್ನು ತನ್ನ ಹೊಸ ಲ್ಯಾಬಿಗೆ ಒಯ್ಯಬೇಕಂತೆ. ಮದುವೆ ಗೊತ್ತಾಗಿದೆಯಂತೆ. "ಅವರು ಕೆಳಗೆ ಕಾರಲ್ಲಿದಾರೆ," ಎಂದಳು. ಕಿಟಕಿಯಿಂದ ನೋಡಿದೆ. ಕುರೂಪಿ, ಕುಳ್ಳ, ಮೂರು ಕಣ್ಣು ಎಂದು ಹೇಳಲು ನನಗೆ ತುಂಬಾ ಆಸೆ. ಒಳ್ಳೆಯ ಮುಖದ ಮನುಷ್ಯ. ಅವಳಿಗಾಗಿ ಬಿಸಿಲಲ್ಲಿ ಇಳಿದು ನಿಂತು ಕಾಯುತ್ತಿದ್ದ.

ಅವಳು ಫ್ರೀಜರ್ ತೆರೆದು, ಹಿಮ ಕೆರೆದು, ತನ್ನ ಪುಟ್ಟ ಟ್ಯೂಬುಗಳನ್ನು ತೆಗೆದುಕೊಂಡಳು. ತಿರುಗುವಾಗ, ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಗಾಜಿನಾಚೆ ಪ್ಲೇಟು ಕಂಡಿತು. ಅದರ ಮೇಲೆ ನನ್ನ ಅಕ್ಷರ, ಹೊಸ ದಿನಾಂಕ.

"ಇದೇನಿದು?"

"ನಿಮ್ಮ ತಳಿ. ನಾನು ಪುಡಿ ಕೊಟ್ಟು ಕೊಟ್ಟು..."

"ನಾನು ನೋಡ್ಕೊಳ್ಳಿ ಅಂದಿದ್ದು ಫ್ರೀಜರನ್ನ. ಅದರಲ್ಲಿ ಇಟ್ಟರೆ ನಾವಿಬ್ಬರೂ ಮುದುಕರಾದ ಮೇಲೂ ಇರುತ್ತೆ. ಪುಡಿ ಬೇಡ, ಊಟ ಬೇಡ. ನಿಮಗಿದು ಗೊತ್ತಿಲ್ವಾ?"

"ಫ್ರೀಜರ್ ಕೆಟ್ಟಿತ್ತು. ಸಿಡಿಲು ಬಡಿದು..."

"ಬುರುಡೆ."

"ಕಂಪ್ರೆಸರ್ ಒಳಗೆ ಹಾವು..."

ಅವಳು ನಗಲಿಲ್ಲ. ಗಲ್ಲಕ್ಕೆ ಕೈಕೊಡಲಿಲ್ಲ. ಟ್ಯೂಬುಗಳ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನಿಂತಳು. ನನ್ನ ಬಳಿ ಆನೆಗಳು ಮುಗಿದಿದ್ದವು.

"ಗೊತ್ತಿತ್ತು," ಎಂದೆ. "ಮೊದಲನೇ ದಿನದಿಂದ ಗೊತ್ತಿತ್ತು. ನಾನು ಮಾಡಿದ್ದನ್ನ ತಿಂದು ನಿಮ್ಮದು ಏನೋ ಒಂದು ಬದುಕಿರಲಿ ಅನ್ನಿಸ್ತು. ಅಷ್ಟೇ."

ಅವಳು ಪ್ಲೇಟಿನ ಮೇಲಿನ ದಿನಾಂಕವನ್ನು ಮತ್ತೊಮ್ಮೆ ಓದಿದಳು.

"ನೀವು ಯಾವಾಗ್ಲೂ ಕೇಳ್ತಿದ್ರಲ್ಲ, ಕಂಟ್ರೋಲ್ ಎಲ್ಲಿ ಅಂತ. ಈ ವರ್ಷವೇ ಕಂಟ್ರೋಲ್. ಎಲ್ಲಾ ಇತ್ತು. ಕೆಲಸ ಇತ್ತು, ಅಕ್ಕ ಇದ್ದಳು, ಸೂರ್ಯನೂ ಹುಟ್ಟಿದ. ನೀವೊಬ್ಬರು ಇರಲಿಲ್ಲ. ಏನೂ ಬೆಳೀಲಿಲ್ಲ."

ಅವಳು ಫ್ರೀಜರಿನ ಬಾಗಿಲು ಮುಚ್ಚಿದಳು.

"ಆವತ್ತು ಮೆಟ್ಟಿಲ ಹತ್ತಿರ," ಎಂದಳು, "ಇಷ್ಟೇ ಸಣ್ಣದಾಗಿ ಹೇಳಿದ್ದರೆ..." ಮಾತು ಅಲ್ಲಿಗೇ ನಿಂತಿತು. ಕಣ್ಣೊರೆಸಿಕೊಂಡು ಇನ್‌ಕ್ಯುಬೇಟರಿನ ಕಡೆ ನೋಡಿದಳು. ದನಿ ಮತ್ತೆ ವಿಜ್ಞಾನಿಯದಾಯಿತು. "ಹೀಗೆ ದಾಟಿಸ್ತಾ ಹೋಗಬೇಡಿ. ತಳಿ ಕೆಡುತ್ತೆ. ಒಂದಲ್ಲ ಒಂದು ದಿನ ಅದರಲ್ಲಿ ಯಾವುದೋ ಒಂದು, ನಿಮ್ಮ ಪುಡಿ ಇಲ್ಲದೇನೂ ಬದುಕೋದನ್ನ ಕಲಿತುಬಿಡುತ್ತೆ."

"ಕಲೀಲಿ," ಎಂದೆ. "ಕಲಿತರೆ ಅದನ್ನೇ ಕೇಳಿ ನಾನೂ ಕಲೀತೀನಿ."

ಅವಳು ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದಳು. ಮೊದಲ ದಿನದ ಹಾಗೆ ಕಣ್ಣಂಚಿನಲ್ಲಿ ಏನೋ ಇಣುಕಿತು. ಈ ಸಲ ಒಳಗೆ ಹೋಗಲಿಲ್ಲ. "ಹುಷಾರು, ಬುರುಡೆರಾಯರೇ," ಎಂದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳುತ್ತಾ, ಕಡಿಮೆಯಾಗುತ್ತಾ ಹೋಯಿತು.

ಹಾಗಾಗಿ, ನನ್ನ ಮುಷ್ಟಿಯಲ್ಲಿ ಯಾವ ಜೀವಕುಲದ ಪ್ರಾಣವೂ ಇಲ್ಲ. ಅವಳ ತಳಿ ಅವಳ ಫ್ರೀಜರಿನಲ್ಲಿ ತಣ್ಣಗಿದೆ. ಪುಡಿ ಕಾಫಿ ಆರುವುದರೊಳಗೆ ಆಗಲಿಲ್ಲ. ಚಳಿಗಾಲ ಪೂರ್ತಿ ಹಿಡಿಯಿತು, ಎಷ್ಟೋ ಸಲ ಕೆಟ್ಟಿತು. ಕಿಟಕಿ ಗಾಜುಗಳು ಹಾಗೇ ಇವೆ. ಆ ಫ್ಲಾಸ್ಕ್ ಕೂಡ ಒಡೆದಿರಲಿಲ್ಲ, ಈಗಲೂ ಅದರಲ್ಲೇ ಪುಡಿ ಮಾಡುತ್ತೇನೆ.

ಈಗ ವಾರವಾರ ಎರಡು ಪ್ಲೇಟ್ ಇಡುತ್ತೇನೆ. ಒಂದಕ್ಕೆ ಪುಡಿ ಹಾಕುತ್ತೇನೆ, ಇನ್ನೊಂದಕ್ಕೆ ಇಲ್ಲ. ಆ ಕಪ್ಪು ಪರದೆಯ ಕೋಣೆಯಲ್ಲಿ ನೀಲಿ ದೀಪ ಹಚ್ಚಿ, ಹಸಿರಿನ ಕಡೆ ತಿರುಗದೆ, ಬರಿದಾಗಿರುವುದನ್ನೇ ನೋಡುತ್ತೇನೆ.

ಒಂದೂ ಇನ್ನೂ ಕಲಿತಿಲ್ಲ. ಇದು ಬುರುಡೆಯಲ್ಲ.