ಮೂವತ್ತಾರನೆಯ ವಾರ

"ಯಾರ್ರೀ ಅದು? ಹಿಂದೆ ಸರೀರಿ! ಬಾಗಿಲ ಹತ್ರ ನಿಲ್ಲಬೇಡಿ!"

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕಾಲು ನಿಂತಲ್ಲೇ ಕೀಲಿಸಿದಂತಾಯಿತು.

ಆಸ್ಪತ್ರೆಯ ಲಿಫ್ಟ್ ಕೆಟ್ಟು ಎರಡು ದಿನವಾಗಿತ್ತು. ಮೂವತ್ತೆರಡು ವಾರದ ಬಸುರಿ ಎರಡು ಮಹಡಿ ಹತ್ತಿ ಬಂದು, ತೆರೆದ ಲಿಫ್ಟ್ ಬಾಗಿಲ ಪಕ್ಕ ಏದುಸಿರು ಬಿಡುತ್ತಿದ್ದಳು. ಒಳಗಿನ ಕತ್ತಲೆಯಿಂದ ಮೊದಲು ಟಾರ್ಚು, ಆಮೇಲೆ ಗ್ರೀಸು ಮೆತ್ತಿದ ಮುಖ ಮೇಲೆ ಬಂತು.

ಅವನೇ! ಮೂರು ತಿಂಗಳ ಹಿಂದೆ ಒಂದು ಮಾತೂ ಹೇಳದೆ ಅವಳು ಬಿಟ್ಟು ಬಂದಿದ್ದ ಗಂಡ…

"ಬಾಯಿಬಡುಕಿ…" ಎಂದ ಅವನು, ತನಗೇ ಗೊತ್ತಿಲ್ಲದಂತೆ.

ಅವನಿಟ್ಟ ಹೆಸರು ಅದು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮಷೀನಿನ ಸದ್ದನ್ನೂ ಮೀರಿಸಿ ಹರಟುತ್ತಿದ್ದವಳು ಅವಳು. ಈಗ ಅವಳ ಬಾಯಿಂದ ಒಂದೊಂದು ಮಾತನ್ನೂ ಎಳೆದು ತೆಗೆಯಬೇಕಿತ್ತು.

"ಹೇಗಿದ್ದೀಯ?"

"ಇದ್ದೀನಿ."

"ನಿನ್ನಕ್ಕನ ಮನೆಗೆ ಎರಡು ಸಲ ಬಂದೆ. ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅಂದೆಯಂತೆ."

"ಹೂಂ. ಅಂದೆ."

ಅವನ ಕಣ್ಣು ಅವಳ ಕೈಯಲ್ಲಿದ್ದ ಪುಸ್ತಕದ ಮೇಲೆ ಬಿತ್ತು. 'ಗರ್ಭಿಣಿಯರ ಸಕ್ಕರೆ ಕಾಯಿಲೆ ವಿಭಾಗ' ಎಂದಿತ್ತು ಅದರ ಮೇಲೆ.

"ಸಕ್ಕರೆ…? ಮತ್ತೆ?"

"ಮತ್ತೆ! ಹೋಗಿ, ನಿಮ್ಮಮ್ಮನಿಗೆ ಹೇಳಿ. ಎರಡನೇದನ್ನೂ ಕೊಲ್ಲೋಕೆ ಹೊರಟಿದ್ದಾಳೆ ಅಂತ ಹೇಳಿ!"

ಅವನು ಬಾಯಿ ತೆರೆದ. ಮುಚ್ಚಿದ. ತಲೆ ತಗ್ಗಿಸಿದ.

'ಅವತ್ತೂ ಹೀಗೇ! ಅವತ್ತೂ ಹೀಗೇ ನಿಂತಿದ್ರು…'

ಅವಳು ಗೋಡೆ ಹಿಡಿದುಕೊಂಡು ಮುಂದೆ ನಡೆದಳು. ಹಿಂದಿರುಗಿ ನೋಡಲಿಲ್ಲ.

ಎರಡು ವರ್ಷದ ಹಿಂದಿನ ಮಾತು ಅದು. ಮೂವತ್ತಾರನೆಯ ವಾರದಲ್ಲಿ ಅವರ ಮೊದಲ ಮಗಳು ಹೊಟ್ಟೆಯೊಳಗೇ ತಣ್ಣಗಾಗಿದ್ದಳು. ತಾಯಿಯ ರಕ್ತದಲ್ಲಿ ಸಕ್ಕರೆ ಏರಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ, ಆಮೇಲೆ ಗೊತ್ತಾಯಿತು. ಆಸ್ಪತ್ರೆಯ ಮಂಚದ ಪಕ್ಕದಲ್ಲೇ ನಿಂತು ಅತ್ತೆ ಅಂದಿದ್ದರು, "ನಾಲಿಗೆ ಚಪಲಕ್ಕೆ ಸಿಕ್ಕಿದ್ದೆಲ್ಲ ತಿಂದು ಮಗೂನ ಕೊಂದ್ಲು."

ಅವಳು ಗಂಡನ ಮುಖ ನೋಡಿದ್ದಳು. ಒಂದೇ ಒಂದು ಮಾತು… ಒಂದೇ ಒಂದು 'ಇಲ್ಲಮ್ಮ' ಅಂದಿದ್ದರೆ ಸಾಕಿತ್ತು!

ಅವನು ತುಟಿ ಬಿಚ್ಚಿರಲಿಲ್ಲ.

ಲಿಫ್ಟಿನ ಬಳಿ ಅವನನ್ನು ಕಂಡ ದಿನ ಡಾಕ್ಟರಮ್ಮ ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. "ಖಾಲಿ ಹೊಟ್ಟೇಲೂ ನೂರಾ ಹದಿನೆಂಟು. ಇನ್ಸುಲಿನ್ ಶುರು ಮಾಡೋಣ."

"ಅಳೆದು ತಿಂತಿದ್ದೀನಿ ಡಾಕ್ಟ್ರೇ! ಅರ್ಧ ಹೊಟ್ಟೇಲಿ ಏಳ್ತೀನಿ… ದಿನಾ ನಡೀತೀನಿ… ಇನ್ನೇನು ಮಾಡ್ಲಿ?"

"ತಿಂದದ್ದರಿಂದ ಬಂದದ್ದಲ್ಲಮ್ಮ ಇದು. ಮಗೂಗೆ ಆಹಾರ ಒದಗಿಸೋ ಮಾಸು ಇದೆಯಲ್ಲ, ಅದರ ಹಾರ್ಮೋನು ನಿನ್ನ ಇನ್ಸುಲಿನ್ನಿಗೆ ಸರಿಯಾಗಿ ಕೆಲಸ ಮಾಡೋಕೆ ಬಿಡಲ್ಲ. ಎಲ್ಲ ಬಸುರಿಯರಿಗೂ ಹಾಗೇ. ಹೆಚ್ಚಿನವರ ಮೈ ಇನ್ನಷ್ಟು ಇನ್ಸುಲಿನ್ ಮಾಡ್ಕೊಂಡು ಸರಿದೂಗಿಸುತ್ತೆ. ನಿನ್ನ ಮೈಗೆ ಅಷ್ಟು ಆಗ್ತಿಲ್ಲ. ಯಾರ ತಪ್ಪೂ ಇಲ್ಲ."

ಅಷ್ಟೆಲ್ಲ ಹೇಳಿದರೂ ಅವಳ ಕಿವಿಯಲ್ಲಿ ಉಳಿದದ್ದು ಒಂದೇ.

ನಿನ್ನ ಮೈಗೆ ಆಗ್ತಿಲ್ಲ.

ಅಂದಿನಿಂದ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡುವುದು, ನಾಲ್ಕು ಸಲ ತೊಡೆಗೆ ಸೂಜಿ. ಔಷಧಿಯ ಪ್ರಮಾಣ ಏರಿಸಿದಂತೆಲ್ಲ ಸಕ್ಕರೆ ಎರಡು ದಿನ ಇಳಿಯುತ್ತಿತ್ತು, ಮೂರನೆಯ ದಿನ ಮತ್ತೆ ಹತ್ತುತ್ತಿತ್ತು. ಬೆಳಗಿನ ಅಂಕಿ ನೋಡಿದಾಗಲೆಲ್ಲ ಅವಳಿಗೆ ತನ್ನ ಮೈಯನ್ನೇ ಕಿತ್ತೊಗೆಯಬೇಕೆನಿಸುತ್ತಿತ್ತು.

"ಅವನಿಗೊಂದು ಫೋನ್ ಮಾಡೇ," ಎಂದಳು ಅಕ್ಕ ಒಂದು ಬೆಳಗ್ಗೆ, ಕೆಲಸಕ್ಕೆ ಹೊರಡುತ್ತಾ. "ಅವನು ಫೋನ್ ಮಾಡಿದಾಗಲೆಲ್ಲ 'ಮಲಗಿದ್ದಾಳೆ' ಅಂತ ಸುಳ್ಳು ಹೇಳಿ ಹೇಳಿ ನಂಗೂ ಸಾಕಾಗಿದೆ."

"ಬೇಡ ಅಕ್ಕ."

"ಅಷ್ಟೊಂದು ದ್ವೇಷಾನಾ?"

"ದ್ವೇಷ ಅಲ್ಲ… ಇದೂ ಹೋದ್ರೆ ಅವರ ಕಣ್ಣೆದುರಿಗೆ ಹೋಗೋದು ಬೇಡ. ಆ ಮುಖ ಇನ್ನೊಂದು ಸಲ ನೋಡೋಕೆ ನನ್ನ ಕೈಲಾಗಲ್ಲ."

ಅಕ್ಕ ಚೀಲ ಕೆಳಗಿಟ್ಟು ತಂಗಿಯ ತಲೆ ಸವರಿದಳು.

ಮೂವತ್ತಾರನೆಯ ವಾರ ಬಂತು.

ಗುರುವಾರ ಮಧ್ಯಾಹ್ನ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಒದೆತ ಎಣಿಸುವುದು ಅವಳ ನಿತ್ಯದ ಕೆಲಸ. ಗಂಟೆಯೊಳಗೆ ಹತ್ತು ಒದೆತ ಸಿಗುತ್ತಿದ್ದವು. ಅಂದು ಒಂದು… ಬಹಳ ಹೊತ್ತಿನ ಮೇಲೆ ಎರಡು…

ಆಮೇಲೆ ಏನೂ ಇಲ್ಲ.

ಎದ್ದು ಕೂತಳು. ತಣ್ಣೀರು ಕುಡಿದಳು. ಹೊಟ್ಟೆ ತಟ್ಟಿದಳು. "ಏಳೇ ನನ್ನಮ್ಮ… ಒಂದು ಸಲ ಒದಿಯೇ… ಜೋರಾಗಿ ಒದಿ, ನೋಯ್ಲಿ!"

ಏನೂ ಇಲ್ಲ!

ಮನೆಯಲ್ಲಿ ಯಾರೂ ಇರಲಿಲ್ಲ. ಅಕ್ಕನ ಫೋನು ಹೊಡೆದುಕೊಂಡು ನಿಂತಿತು. ಬೆರಳು ಒತ್ತಿದ ಮುಂದಿನ ಹೆಸರು ಯಾವುದೆಂದು ಅವಳಿಗೆ ಗೊತ್ತಾದದ್ದು ಆ ದನಿ ಕೇಳಿದಾಗಲೇ.

"ರೀ… ಮಗು ಅಲ್ಲಾಡ್ತಿಲ್ಲ ರೀ…"

"ಬಂದೆ."

ಅಷ್ಟೇ ಅಂದ. ಕಾಲು ಗಂಟೆಯಲ್ಲಿ ಲಿಫ್ಟ್ ಕಂಪನಿಯ ವ್ಯಾನು ಬಾಗಿಲಲ್ಲಿತ್ತು. ವೈರಿನ ಸುರುಳಿಗಳನ್ನು ಕಾಲಿಂದ ಪಕ್ಕಕ್ಕೆ ನೂಕಿ ಅವಳನ್ನು ಕೂರಿಸಿದ.

ಆಸ್ಪತ್ರೆಯಲ್ಲಿ ನೋಡಿದಾಗ ಮಗುವಿನ ಎದೆಬಡಿತ ಕುಸಿಯುತ್ತಿತ್ತು. "ಈಗಲೇ ತೆಗೀಬೇಕು," ಎಂದರು ಡಾಕ್ಟರಮ್ಮ. ಅವನು ಸಹಿ ಹಾಕಿದ ಕಾಗದದ ಮೇಲೆ ಗ್ರೀಸಿನ ಬೆರಳಚ್ಚು ಮೂಡಿತು.

ಹೆಣ್ಣು ಮಗು. ನಾಲ್ಕು ಕಿಲೋ ತೂಕ, ಗುಂಡು ಗುಂಡಾಗಿ! ಜೀವವಿತ್ತು. ಕ್ಷೀಣವಾಗಿ ಅತ್ತಿತು ಕೂಡ. ಆದರೆ ಗಂಟೆಯೊಳಗೆ ಅದರ ಕೈಕಾಲು ನಡುಗತೊಡಗಿದವು. ಆಮೇಲೆ ಫಿಟ್ಸ್. ಒಂದಲ್ಲ, ಎರಡು ಸಲ.

"ಒಳಗಿದ್ದಾಗ ಅಮ್ಮನ ಕಡೆಯಿಂದ ಸಕ್ಕರೆ ಜಾಸ್ತಿ ಹೋಗ್ತಿತ್ತು. ಅದಕ್ಕೆ ತಕ್ಕ ಹಾಗೆ ಮಗು ಇನ್ಸುಲಿನ್ ಜಾಸ್ತಿ ಮಾಡ್ತಿತ್ತು," ಎಂದು ಮಕ್ಕಳ ಡಾಕ್ಟರು ಅವನಿಗೆ ವಿವರಿಸಿದರು. "ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಬರೋದು ನಿಂತಿತು, ಇನ್ಸುಲಿನ್ ಇನ್ನೂ ನಿಂತಿಲ್ಲ. ಮಗೂನ ಸಕ್ಕರೆ ಇಪ್ಪತ್ತಕ್ಕೆ ಇಳಿದಿತ್ತು. ಈಗೇನೂ ಹೇಳೋಕಾಗಲ್ಲ."

ಮರುದಿನ ಅವನು ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಗಾಜಿನ ಆಚೆ, ಪೆಟ್ಟಿಗೆಯೊಳಗೆ ಮಗಳು ಮಲಗಿದ್ದಳು. ಪುಟ್ಟ ಕೈಗೆ ಟ್ಯೂಬು.

"ನೋಡಿದ್ರಾ…" ಅವಳ ದನಿ ಒಣಗಿತ್ತು. "ಅತ್ತೆ ಹೇಳಿದ್ದು ನಿಜ ಆಯ್ತು. ನೀವೂ ಹಾಗೇ ಅಂದ್ಕೊಂಡ್ರಿ, ನಂಗೊತ್ತು."

ಅವನು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಕೊಂದದ್ದು ನಾನು ಅಂದ್ಕೊಂಡಿದ್ದೆ ಕಣೇ."

"ಏನು?"

"ಮೊದಲ ಸಲ ನೀನು ಬಾಯಾರಿಕೆ ಅಂತ ಒದ್ದಾಡ್ತಿದ್ದೆ. ದಿನಾ ಸಂಜೆ ಹಣ್ಣಿನ ರಸದ ಬಾಟಲಿ ತಂದುಕೊಟ್ಟವನು ಯಾರು? 'ಕುಡಿ, ಇನ್ನೂ ಕುಡಿ' ಅಂತ ನಕ್ಕವನು ಯಾರು? ಅಮ್ಮ ಹಾಗಂದಾಗ ಬಾಯಿ ಬಿಟ್ಟಿದ್ರೆ ಅದನ್ನ ಹೇಳಬೇಕಿತ್ತು. ಹೇಳಿದ್ರೆ ನೀನು ನನ್ನ ಬಿಟ್ಟು ಹೋಗ್ತೀಯ ಅಂತ… ಹೆದರಿಬಿಟ್ಟೆ."

"ಹೇಳದೇ ಇದ್ದದ್ದಕ್ಕೇ ಹೋದೆ ನಾನು…"

"ನಿನ್ನನ್ನ ಲಿಫ್ಟ್ ಹತ್ರ ನೋಡಿದ ದಿನವೇ ಅಮ್ಮನಿಗೆ ಎಲ್ಲ ಹೇಳ್ದೆ. ಎರಡು ದಿನ ಊಟ ಬಿಟ್ರು. ನಿನಗೆ ಹೇಳೋ ಧೈರ್ಯ ಮಾತ್ರ ಬರಲಿಲ್ಲ."

ಹೆಚ್ಚುಕಡಿಮೆ ಎರಡು ವರ್ಷ! ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ, ಇಬ್ಬರೂ ಒಬ್ಬೊಬ್ಬರೇ ಹೊತ್ತುಕೊಂಡು ಮಲಗಿದ್ದರು ಆ ಒಂದು ಸಾವನ್ನು.

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ರಸದಿಂದ ಬಂದದ್ದಲ್ಲ ರೀ ಅದು. ನನ್ನ ಮೈಗೆ ಅಷ್ಟು ಇನ್ಸುಲಿನ್ ಮಾಡ್ಕೊಳ್ಳೋಕೆ ಆಗಲಿಲ್ಲ, ಅಷ್ಟೇ. ಯಾರ ತಪ್ಪೂ ಅಲ್ವಂತೆ…"

ಅವನಿಗೆ ಹೇಳಿದ ಮೇಲಷ್ಟೇ ಆ ಮಾತು ಅವಳೊಳಗೂ ಇಳಿಯಿತು.

ಮೂರನೆಯ ದಿನ ಬೆಳಗ್ಗೆ ಮಗುವಿನ ಸಕ್ಕರೆ ಒಂದು ಹದಕ್ಕೆ ಬಂದು ನಿಂತಿತು. ಫಿಟ್ಸ್ ಮತ್ತೆ ಬರಲಿಲ್ಲ.

"ಬದುಕ್ತಾಳೆ," ಎಂದರು ಡಾಕ್ಟರು. "ಮಿದುಳಿಗೆ ಪೆಟ್ಟಾಗಿದೆಯಾ ಅಂತ ಮಾತ್ರ ಈಗ ಹೇಳೋಕಾಗಲ್ಲ. ನಡೆಯೋದು, ಕಲಿಯೋದು ತಡ ಆಗಬಹುದು. ಆಗದೆಯೂ ಇರಬಹುದು. ವರ್ಷಗಟ್ಟಲೆ ನೋಡ್ತಾ ಇರಬೇಕು."

ಡಾಕ್ಟರು ಹೋದ ಮೇಲೂ ಇಬ್ಬರೂ ಗಾಜಿನ ಮುಂದೆಯೇ ಇದ್ದರು. ಅವನ ಭುಜ ಅಲುಗತೊಡಗಿತು. ಕಾರಿಡಾರಿನಲ್ಲಿ ಹೋಗುವವರೆಲ್ಲ ತಿರುಗಿ ನೋಡಿದರು.

"ರೀ… ಅಳಬೇಡಿ. ಜನ ನೋಡ್ತಿದ್ದಾರೆ."

"ನೋಡ್ಲಿ ಬಿಡೆ."

ಅವಳು ಅವನ ತೋಳು ಹಿಡಿದು ಪಕ್ಕದ ಬೆಂಚಿಗೆ ಎಳೆದಳು. ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ, ಗಾಲಿಕುರ್ಚಿಯಿಂದ ತಾನೂ ಎದ್ದಳು.

"ಹಾಗಾದ್ರೆ ಸ್ವಲ್ಪ ಸರೀರಿ… ನಂಗೂ ಅಳೋಕೆ ಜಾಗ ಕೊಡಿ."